ಮುರಿದ ಸೂಜಿಗಳ ನೋಟ್‌ಬುಕ್: ಶರ್ಟ್ ಮಷೀನಿನಲ್ಲಿ ಜೀನ್ಸ್ ಹೊಲಿಸಿದ್ದು

ಬಳ್ಳಾರಿಯಲ್ಲಿ ಹೊಲಿಗೆ ಮಷೀನಿಗೆ ಬರವಿಲ್ಲ. ಕೌಲ್ ಬಜಾರ್ ಕಡೆಯ ಓಣಿಗಳಲ್ಲಿ ನಡೆದರೆ ಮನೆಗಳ ಒಳಗಿಂದ ಮೋಟರ್ ಸದ್ದು ಬರುತ್ತಲೇ ಇರುತ್ತದೆ. ಬರ ಇರುವುದು ಕೈಗೆಟುಕುವ ಬೆಲೆಯ ದಪ್ಪ ಬಟ್ಟೆ ಮಷೀನಿಗೆ. ನಮಗೆ ಸಿಕ್ಕಿದ್ದು, ಮುಚ್ಚಿಹೋದ ಒಂದು ಶರ್ಟ್ ಯೂನಿಟ್ಟಿನಿಂದ ಬಂದ ಒಂಟಿ ಸೂಜಿಯ ಲಾಕ್‌ಸ್ಟಿಚ್ ಮಷೀನು. ಟೇಬಲ್ಲು, ಕ್ಲಚ್ ಮೋಟರ್ ಸಮೇತ. ಎಣ್ಣೆ ತಟ್ಟೆಯಲ್ಲಿ ಎಣ್ಣೆಗಿಂತ ನೂಲಿನ ಧೂಳೇ ಜಾಸ್ತಿ ಇತ್ತು.

ಮಾಡಬೇಕಿದ್ದ ಕೆಲಸ ಇಷ್ಟೇ: ಜೀನ್ಸ್ ಪ್ಯಾಂಟಿನ ಉದ್ದ ಕತ್ತರಿಸಿ ಬಾಟಮ್ ಮಡಚಿ ಹೊಲಿಯುವುದು. ಅಂಗಡಿಯವರು ಆಲ್ಟರೇಷನ್ ಕೆಲಸವನ್ನು ಹೊರಗೆ ಕೊಡುತ್ತಾರೆ, ಪೀಸಿಗೆ ಇಷ್ಟು ಅಂತ ಕೂಲಿ. ಅಕ್ಕ ಬೆಂಗಳೂರಿನ ಒಂದು ರಫ್ತು ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಆಪರೇಟರ್ ಆಗಿದ್ದು ಊರಿಗೆ ವಾಪಸ್ ಬಂದಿದ್ದಾಳೆ. ಹೊಲಿಯುವ ಕೈ ಅವಳದು. ನನ್ನ ಕಸುಬು ಮೋಟರ್ ವೈಂಡಿಂಗ್, ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಕೈ ನನ್ನದು.

"ಶರ್ಟ್ ಮಷೀನಿನಲ್ಲಿ ಜೀನ್ಸ್ ಆಗಂಗಿಲ್ಲ" ಎಂದು ಕೇಳಿದವರೆಲ್ಲ ಹೇಳಿದರು. ಅದು ಅರ್ಧ ನಿಜ. ಪ್ಯಾಂಟಿನ ಬಾಟಮ್ ಮಡಚಿದರೆ ಬಟ್ಟೆ 3 ಪದರ ಆಗುತ್ತದೆ. ಅಲ್ಲಿಯವರೆಗೆ ಯಾವ ಮಷೀನಾದರೂ ಎಳೆಯುತ್ತದೆ. ಆದರೆ ಒಳಗಾಲಿನಲ್ಲಿ ಒಂದರೊಳಗೊಂದು ಮಡಚಿ ಹೊಲಿದ ಫೆಲ್ ಸೀಮ್ ಇರುತ್ತದೆ. ಅಲ್ಲಿ ಬಟ್ಟೆಯೇ 4 ಪದರ. ಅದನ್ನು ಮತ್ತೆ ಮಡಚಿದರೆ 12. ಸೂಜಿ ಆ ಗುಡ್ಡ ಹತ್ತಿ ಇಳಿಯಬೇಕು. ಮಷೀನು ಸೋಲುವುದು ಆ ಅರ್ಧ ಇಂಚಿನಲ್ಲಿ.

ಇನ್ನರ್ಧ ನಿಜ ಏನೆಂದರೆ, ಶರ್ಟ್ ಮಷೀನಿಗೂ ಜೀನ್ಸ್ ಮಷೀನಿಗೂ ಮೈ ಬಹುಪಾಲು ಒಂದೇ. ಬೇರೆ ಇರುವುದು ಬಟ್ಟೆ ಎಳೆಯುವ ಹಲ್ಲು, ಸೂಜಿ ಪ್ಲೇಟಿನ ರಂಧ್ರ, ಬಟ್ಟೆ ಹಿಡಿಯುವ ಪಾದವನ್ನು ಒತ್ತುವ ಸ್ಪ್ರಿಂಗು, ಮತ್ತೆ ಪ್ಲೇಟಿನ ಕೆಳಗೆ ತಿರುಗುತ್ತಾ ಸೂಜಿಯ ದಾರ ಹಿಡಿಯುವ ಶಟಲ್ಲಿನ ಸೆಟ್ಟಿಂಗು. ಇವೆಲ್ಲ ಬದಲಾಯಿಸಬಹುದಾದ ವಸ್ತುಗಳೇ ಅಲ್ವಾ?

ಮೊದಲು ಲೆಕ್ಕ

ಮಷೀನು ಬಿಚ್ಚುವ ಮುಂಚೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಗುಂಪು ಮಾಡಿದೆ. ಹಾಳಾದರೆ ಹಳೆಯದನ್ನೇ ವಾಪಸ್ ಹಾಕಬಹುದಾದವು ಒಂದು ಕಡೆ: ಹಲ್ಲು, ಪ್ಲೇಟು, ಪಾದ, ಸ್ಪ್ರಿಂಗು, ಮೋಟರ್. ವಾಪಸ್ ತರಬಹುದು ಆದರೆ ಬೆವರು ಇಳಿಸುವಂಥದ್ದು ಇನ್ನೊಂದು ಕಡೆ: ಶಟಲ್ ಟೈಮಿಂಗ್. ವಾಪಸ್ ತರಲು ಆಗದೇ ಇರುವುದು ಒಂದೇ: ಶಟಲ್ಲಿನ ಮೂತಿಯನ್ನು, ಅಂದರೆ ದಾರ ಹಿಡಿಯುವ ಚೂಪು ತುದಿಯನ್ನು, ಕಲ್ಲಿಗೆ ಹಚ್ಚಿ ಅರೆಯುವುದು. ಅದರ ಎದುರು ಹೊಸ ಶಟಲ್ಲಿನ ಬೆಲೆ ಬರೆದೆ. ಆ ದುಡ್ಡು ಹೋದರೂ ಮನೆ ನಡೆಯುತ್ತದೆ ಅಂತ ಅಕ್ಕನಿಂದ ಹೂಂ ಅನ್ನಿಸಿಕೊಂಡ ಮೇಲೆಯೇ ಕೈ ಹಚ್ಚಿದ್ದು.

ಧೈರ್ಯ ಮಾಡು, ಧೈರ್ಯ ಮಾಡು ಅಂತ ಹೇಳುವವರು ಬಹಳ. ಎಷ್ಟು ದುಡ್ಡಿನ ಧೈರ್ಯ ಅಂತ ಯಾರೂ ಹೇಳುವುದಿಲ್ಲ. ಗಿರಾಕಿಯ ಪ್ಯಾಂಟನ್ನು ಮೊದಲ ದಿನವೇ ಸೂಜಿ ಕೆಳಗೆ ಇಡುವುದು ನನ್ನ ಪ್ರಕಾರ ಧೈರ್ಯ ಅಲ್ಲ, ಬೇರೆಯವರ ದುಡ್ಡಿನಲ್ಲಿ ಜೂಜು. ನಮ್ಮೂರಲ್ಲಿ ಜೀನ್ಸ್ ಕಟಿಂಗ್ ಆದ ಮೇಲೆ ಉಳಿಯುವ ಚಿಂದಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಒಂದು ಚೀಲ ತಂದು ಇಟ್ಟುಕೊಂಡೆವು. ಫೆಲ್ ಸೀಮ್ ಇರುವ ತುಂಡುಗಳಿಗಾಗಿ ಹಳೆ ಹರಿದ ಪ್ಯಾಂಟುಗಳನ್ನು ನೆಂಟರ ಮನೆಗಳಿಂದ ಒಟ್ಟು ಮಾಡಿದೆವು. ಅದಕ್ಕೆ ದುಡ್ಡು ಬೀಳಲಿಲ್ಲ, ಚಹಾ ಕುಡಿದದ್ದೇ ಜಾಸ್ತಿ.

ಬೇಕಂತಲೇ ಮುರಿದದ್ದು

ಧೂಳು ತೆಗೆದು, ಎಣ್ಣೆ ಬದಲಿಸಿ, ಬೇರೆ ಏನೂ ಮುಟ್ಟದೆ ಮೊದಲ ಓಟ ಓಡಿಸಿದೆವು. ಸೂಜಿ ಮಾತ್ರ ಬದಲಿಸಿದ್ದೆವು, ಶರ್ಟಿಗೆ ಇದ್ದ ಸಣ್ಣದು ತೆಗೆದು 18 ನಂಬರ್. ಹಾಗೆ ಹೊಲಿದರೆ ಮುರಿಯುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಎಲ್ಲಿ ಮುರಿಯುತ್ತದೆ ಅಂತ ನೋಡಬೇಕಿತ್ತು. ಇಬ್ಬರೂ ಕನ್ನಡಕ ಹಾಕಿಕೊಂಡಿದ್ದೆವು. ಓಡುವ ಮಷೀನಿನಲ್ಲಿ ಮುರಿದ ಸೂಜಿಯ ತುದಿ ಎತ್ತ ಹಾರುತ್ತದೆ ಅಂತ ಹೇಳಲು ಬರುವುದಿಲ್ಲ. ಕಣ್ಣಿನ ವಿಷಯದಲ್ಲಿ ಪ್ರಯೋಗ ಬೇಡ.

ಗುಡ್ಡದವರೆಗೂ ಹೋಗಲೇ ಇಲ್ಲ. 3 ಪದರದಲ್ಲೇ ಟಕ್ ಅಂತ ಮುರಿಯಿತು.

ನಾನು ಚೂರುಗಳನ್ನು ಗುಡಿಸಿ ಎಸೆಯಲು ಹೊರಟೆ. ಅಕ್ಕ ಕೈ ಹಿಡಿದಳು. "ಏ, ಎಸೀಬ್ಯಾಡ. ಕಂಪನಿಯಾಗ ಹಿಂಗ ಮಾಡಿದ್ರ ಹೊಸ ಸೂಜಿನೇ ಕೊಡ್ತಿರಲಿಲ್ಲ" ಎಂದಳು. ರಫ್ತು ಗಾರ್ಮೆಂಟ್ಸ್‌ಗಳಲ್ಲಿ ಅದೊಂದು ಕಟ್ಟುನಿಟ್ಟಿನ ಪದ್ಧತಿ. ಸೂಜಿ ಮುರಿದರೆ ಕೆಲಸ ನಿಲ್ಲಿಸಬೇಕು. ಚೂರುಗಳನ್ನೆಲ್ಲ ಹುಡುಕಬೇಕು. ಜೋಡಿಸಿ, ಇಡೀ ಸೂಜಿ ಆಯಿತು ಅಂತ ತೋರಿಸಿ, ರಿಜಿಸ್ಟರಿನಲ್ಲಿ ಸೆಲ್ಲೋಟೇಪ್ ಹಾಕಿ ಅಂಟಿಸಬೇಕು. ಆಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದೇ ಹೋದರೂ ಆ ಬಂಡಲ್ ಪೂರ್ತಿ ಮೆಟಲ್ ಡಿಟೆಕ್ಟರಿಗೆ ಹೋಗುತ್ತದೆ. ಬಟ್ಟೆಯಲ್ಲಿ ಕಬ್ಬಿಣದ ಚೂರು ಉಳಿದು ಯಾರದೋ ಮೈಗೆ ಚುಚ್ಚಬಾರದು ಅಂತ ಈ ಏರ್ಪಾಡು.

ನಮಗೆ ಅದು ಬೇರೆಯೇ ಕೆಲಸಕ್ಕೆ ಬಂತು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಮುರಿದ ಸೂಜಿಗಳನ್ನು ಅಂಟಿಸುತ್ತಾ ಹೋದೆವು. ಪಕ್ಕದಲ್ಲಿ ನಂಬರ್, ಎಷ್ಟು ಪದರ, ಹೋಗುವಾಗ ಮುರಿಯಿತೋ ಗುಡ್ಡ ಹತ್ತುವಾಗಲೋ ಇಳಿಯುವಾಗಲೋ, ಇಷ್ಟು ಬರೆದೆವು.

ಮೊದಲ ಸೂಜಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಈ ಮಷೀನಿನಲ್ಲಿ ಸೂಜಿಯ ಉದ್ದ ಗೆರೆ ಎಡಕ್ಕೆ, ಕಣ್ಣಿನ ಮೇಲಿನ ತಗ್ಗು ಬಲಕ್ಕೆ ಇರುತ್ತದೆ. ಶಟಲ್ಲಿನ ಮೂತಿ ಬರುವುದು ಆ ತಗ್ಗಿನ ಕಡೆಯಿಂದ. ತಗ್ಗಿನ ಅಂಚಿನಲ್ಲಿ ಉಗುರಿನಿಂದ ಕೆರೆದ ಹಾಗೆ ಒಂದು ಹೊಳೆಯುವ ಗೀರು ಇತ್ತು. ಮುರಿದದ್ದೂ ಅಲ್ಲಿಯೇ. ಅಂದರೆ ಬಟ್ಟೆ ಸೂಜಿಯನ್ನು ಮುರಿದಿರಲಿಲ್ಲ. ಶಟಲ್ಲೇ ಹೊಡೆದಿತ್ತು.

ಕಾರಣ ಡಬ್ಬಿಯ ಮೇಲೆಯೇ ಬರೆದಿದೆ. ಸೂಜಿ ಡಬ್ಬಿಯ ಮೇಲೆ ಎರಡು ನಂಬರ್ ಜೋಡಿಯಾಗಿ ಇರುತ್ತವೆ: 90/14, 110/18, 130/21. ನಾವು ಬಾಯಲ್ಲಿ ಹೇಳುವುದು ಚಿಕ್ಕದನ್ನು. ದೊಡ್ಡದು ಸೂಜಿ ಮೈಯ ದಪ್ಪ, ಮಿಲಿಮೀಟರಿನ ನೂರನೇ ಭಾಗದಲ್ಲಿ. 14 ನಂಬರ್ ಸೂಜಿ 0.90 ಮಿ.ಮೀ., 18 ನಂಬರ್ 1.10 ಮಿ.ಮೀ. ದಪ್ಪ 0.20 ಹೆಚ್ಚಿದರೆ ಒಂದೊಂದು ಪಕ್ಕಕ್ಕೆ 0.10 ಹೆಚ್ಚುತ್ತದೆ. ಸೂಜಿಗೂ ಶಟಲ್ ಮೂತಿಗೂ ನಡುವೆ ಇರಬೇಕಾದ ಸಂದು 0.04ರಿಂದ 0.10 ಮಿ.ಮೀ. ಲೆಕ್ಕ ಅಲ್ಲಿಗೇ ಮುಗಿಯಿತು. 14ಕ್ಕೆ ಸೆಟ್ ಮಾಡಿದ ಮಷೀನಿಗೆ 18 ಹಾಕಿದರೆ ಸಂದು ಇರುವುದೇ ಇಲ್ಲ.

ಈ ಜೀನ್ಸ್ ಅನ್ನುವ ಬಟ್ಟೆಯೇ ಹರಿದ ಜಾಗ ನೋಡಿ ಬೆಳೆದದ್ದು. ಅಮೆರಿಕದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಅನ್ನುವ ದರ್ಜಿ ಇದ್ದ. ಕೂಲಿ ಮಾಡುವವರ ಪ್ಯಾಂಟು ಯಾವಾಗಲೂ ಜೇಬಿನ ಮೂಲೆಯಲ್ಲಿ ಹರಿಯುತ್ತಿತ್ತು. ಅವನು ಆ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ. ಪೇಟೆಂಟ್ ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ. ತನಗೆ ಬಟ್ಟೆ ಮಾರುತ್ತಿದ್ದ ಲೆವಿ ಸ್ಟ್ರಾಸ್‌ಗೆ ಕಾಗದ ಬರೆದು ಪಾಲುದಾರ ಆಗು ಅಂದ. 1873ರ ಮೇ 20ರಂದು ಇಬ್ಬರಿಗೂ ಸೇರಿ ಪೇಟೆಂಟ್ ಸಿಕ್ಕಿತು. ಇಡೀ ಪ್ಯಾಂಟನ್ನು ದಪ್ಪ ಮಾಡಲು ಅವನು ಹೋಗಲಿಲ್ಲ ನೋಡಿ. ಹರಿಯುವ ಮೂಲೆಗೆ ಮಾತ್ರ ರಿವೆಟ್. ಖರ್ಚನ್ನೂ ಒಬ್ಬನೇ ಹೊರಲಿಲ್ಲ.

ಶಟಲ್ ಟೈಮಿಂಗ್

ನಮ್ಮ ಓಣಿಯ ಹತ್ತಿರ ಮಷೀನು ರಿಪೇರಿ ಮಾಡುವ ಒಬ್ಬ ಚಾಚಾ ಇದ್ದಾರೆ. ಯೂನಿಟ್ಟಿನವರು ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನಾನು ವಿಷಯ ಹೇಳಿದಾಗ, "ಬೇಟಾ, ಶಟಲ್ಲಿಗೆ ಮಾತ್ರ ಕೈ ಹಚ್ಚಬ್ಯಾಡ. ಬಿಚ್ಚೋರು ಬಹಳ ಮಂದಿ, ಕೂಡಿಸೋರು ಇಲ್ಲ" ಎಂದರು. ನೋಟ್‌ಬುಕ್ ತೋರಿಸಿದೆ. ಗೀರು ಬಿದ್ದ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬೇಡ ಅನ್ನಲಿಲ್ಲ. ಹೇಗೆ ಅಂತ ಹೇಳಿಕೊಟ್ಟರು.

ಸೂಜಿ ಪೂರ್ತಿ ಕೆಳಗೆ ಇಳಿದು ಮತ್ತೆ ಏಳಲು ಶುರು ಮಾಡಿದಾಗ, ಅದರ ತಗ್ಗಿನ ಕಡೆ ದಾರ ಸ್ವಲ್ಪ ಸಡಿಲವಾಗಿ ಒಂದು ಕುಣಿಕೆ ಬರುತ್ತದೆ. ಶಟಲ್ಲಿನ ಮೂತಿ ಆ ಕುಣಿಕೆಯನ್ನು ಹಿಡಿಯಬೇಕು. ಬೇಗ ಬಂದರೆ ಕುಣಿಕೆ ಇನ್ನೂ ಹುಟ್ಟಿರುವುದಿಲ್ಲ. ತಡವಾದರೆ ಕುಣಿಕೆ ಮಲಗಿಬಿಟ್ಟಿರುತ್ತದೆ. ಎರಡರಲ್ಲೂ ಹೊಲಿಗೆ ತಪ್ಪುತ್ತದೆ. ಸೂಜಿ ಒಂದು ಸಲ ಇಳಿದು ಏಳುವಷ್ಟರಲ್ಲಿ ಶಟಲ್ಲು ಎರಡು ಸುತ್ತು ಹಾಕುತ್ತದೆ. ಆದ್ದರಿಂದ ಕೈಚಕ್ರ ತಿರುಗಿಸುತ್ತಾ ನೋಡುವಾಗ ಯಾವ ಸುತ್ತು ಅಂತ ಗಮನ ಇರಬೇಕು.

ಇದನ್ನು ಕಣ್ಣಂದಾಜಿನಲ್ಲಿ ಮಾಡಬೇಕಿಲ್ಲ. ಸೂಜಿ ಹಿಡಿದಿರುವ ಸಲಾಕೆಯ ಮೇಲೆ ಕಂಪನಿಯವರೇ ಸಣ್ಣ ಗೆರೆಗಳನ್ನು ಕೊರೆದಿರುತ್ತಾರೆ. ಸಲಾಕೆ ಪೂರ್ತಿ ಕೆಳಗಿದ್ದಾಗ ಮೇಲಿನ ಗೆರೆ, ಸಲಾಕೆ ತೂರಿ ಬರುವ ಬುಷ್ಷಿನ ಕೆಳ ಅಂಚಿಗೆ ಸರಿಹೋಗಬೇಕು. ಅದು ಸೂಜಿಯ ಎತ್ತರ. ಆಮೇಲೆ ಕೈಚಕ್ರವನ್ನು ನಮ್ಮ ಕಡೆಗೆ ತಿರುಗಿಸುತ್ತಾ ಹೋದರೆ ಸಲಾಕೆ ಏಳುತ್ತದೆ. ಕೆಳಗಿನ ಗೆರೆ ಅದೇ ಅಂಚಿಗೆ ಬಂದಾಗ ಶಟಲ್ಲಿನ ಮೂತಿ ಸೂಜಿಯ ನಟ್ಟನಡುವೆ ಇರಬೇಕು. ನಮ್ಮ ಮಷೀನಿನಲ್ಲಿ ಆ ಗೆರೆಗಳು ಎಣ್ಣೆ ಜಿಡ್ಡಿನ ಕೆಳಗೆ ಮುಚ್ಚಿಹೋಗಿದ್ದವು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ ಮೇಲೆ ಕಂಡವು.

ತೊಂದರೆ ಬೇರೆಯೇ ಇದೆ. ಶಟಲ್ಲನ್ನು ಹಿಡಿದಿರುವ ಸ್ಕ್ರೂಗಳು ಸಡಿಲ ಮಾಡಿದರೆ ಅದು ತಿರುಗಲೂಬಹುದು, ಎಡಕ್ಕೆ ಬಲಕ್ಕೆ ಸರಿಯಲೂಬಹುದು. ತಿರುಗುವುದು ಟೈಮಿಂಗ್. ಸರಿಯುವುದು ಸಂದು. ಅವೇ ಸ್ಕ್ರೂಗಳು ಎರಡನ್ನೂ ಹಿಡಿದಿವೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕದಲುತ್ತದೆ. ಬಿಚ್ಚುವ ಮುಂಚೆ ದಂಡಕ್ಕೂ ಶಟಲ್ಲಿಗೂ ಸೇರಿಸಿ ಚೂಪು ಮೊಳೆಯಲ್ಲಿ ಒಂದು ಗೀಟು ಹಾಕಿದ್ದೆ. ಎಲ್ಲಾ ಕೆಟ್ಟರೂ ಹಳೆ ಜಾಗಕ್ಕಾದರೂ ಬಂದು ನಿಲ್ಲಬಹುದಿತ್ತು. ಆ ಗೀಟು ಇಲ್ಲದಿದ್ದರೆ ನಾನು ಆ ಸ್ಕ್ರೂ ಮುಟ್ಟುತ್ತಲೇ ಇರಲಿಲ್ಲ.

ಸಂದು ಅಳೆಯಲು ಪಕ್ಕದ ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇತ್ತು. ಅದರಲ್ಲಿ 0.05 ಮಿ.ಮೀ. ತಗಡು ಇದೆ, ಇಸಿದುಕೊಂಡೆ. 18 ನಂಬರ್ ಸೂಜಿ ಹಾಕಿ, ಆ ತಗಡು ನಡುವೆ ಸಲೀಸಾಗಿ ಜಾರುವಂತೆ ಕೂಡಿಸಿ, ಸ್ಕ್ರೂ ಬಿಗಿ ಮಾಡಿದೆ.

ಸೂಜಿ ಮುರಿಯಲಿಲ್ಲ. ಆದರೆ ಮೂರು ಹೊಲಿಗೆ ಬಿದ್ದರೆ ಒಂದು ತಪ್ಪಿತು. ಚಿಂದಿಯ ಹಿಂಬದಿ ತಿರುಗಿಸಿದರೆ ದಾರ ಸುಮ್ನೆ ಮೇಲೆ ಮಲಗಿತ್ತು. ಮತ್ತೆ ಪ್ಲೇಟು ತೆಗೆದು ನೋಡಿದೆ. ಮೂತಿ ನಡುವಿಗೆ ಬರುವ ಬದಲು ಸೂಜಿಯನ್ನು ದಾಟಿ ನಿಂತಿತ್ತು. ಸ್ಕ್ರೂ ಬಿಗಿ ಮಾಡುವಾಗ ಅದು ಶಟಲ್ಲನ್ನು ತನ್ನ ಜೊತೆ ಒಂದು ಕೂದಲೆಳೆ ತಿರುಗಿಸಿಬಿಡುತ್ತದೆ. ಚಾಚಾಗೆ ಫೋನ್ ಮಾಡಿದರೆ ನಕ್ಕರು. "ಹಾಂ, ಅದು ಎಲ್ಲರಿಗೂ ಆಗತೈತಿ. ಒಂದು ಸ್ಕ್ರೂ ಅರ್ಧ ಬಿಗಿ ಮಾಡು, ನೋಡು. ಎರಡನೇದು ಅರ್ಧ, ನೋಡು. ಒಂದೇ ಸಲ ಬಿಗಿಬ್ಯಾಡ" ಎಂದರು. ಹಾಗೆ ಮಾಡಿದಾಗ ನಿಂತಿತು. ನಿಂತಿತು ಅಂದರೆ ಹೊಲಿಗೆ ತಪ್ಪುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಉಳಿದದ್ದಕ್ಕೆ ಕಾರಣ ಮೂತಿಯೇ. ಹಿಂದೆ ಎಂದೋ ಸೂಜಿಗೆ ಬಡಿದು ಮೂತಿಯ ತುದಿ ಮೊಂಡಾಗಿತ್ತು. ನೋಟ್‌ಬುಕ್ಕಿನ ಮೂರನೇ ಗುಂಪಿಗೆ ಬಂದೆವು. ಎಣ್ಣೆ ಕಲ್ಲಿನ ಮೇಲೆ ಬಹಳ ಮೆತ್ತಗೆ ಅರೆದೆ. ತುದಿ ಚೂಪಾಯಿತು, ಕೈಗೆ ನುಣುಪಾಗಿಯೂ ಬಂತು. ಆದರೆ ತುದಿ ಹಿಂದೆ ಸರಿದು ಗಿಡ್ಡವಾಗಿತ್ತು. ಅದಕ್ಕೆ ತಕ್ಕಂತೆ ಟೈಮಿಂಗ್ ಮುಂದೆ ತಂದರೆ ತೆಳು ಬಟ್ಟೆಗೆ ಚೆನ್ನಾಗಿ ಬಂತು, ಗುಡ್ಡದ ಮೇಲೆ ಮತ್ತೆ ತಪ್ಪಿತು. ಶಟಲ್ಲು ಹೋಯಿತು. ಹೊಸದು ತಂದೆವು. ದುಡ್ಡು ಮೊದಲೇ ಬರೆದಿಟ್ಟದ್ದೇ ಆದ್ದರಿಂದ ಮನೆಯಲ್ಲಿ ಮಾತು ಬರಲಿಲ್ಲ. ಹೊಸ ಶಟಲ್ಲು ಕೂಡಿಸಲು ಹಳೆಯದರ ಅರ್ಧ ಹೊತ್ತೂ ಹಿಡಿಯಲಿಲ್ಲ. ಹಳೆಯದರ ಮೇಲೆ ಅಷ್ಟು ಸಲ ಸ್ಕ್ರೂ ಬಿಚ್ಚಿ ಕೂಡಿಸಿದ್ದಕ್ಕೆ ಕೈ ಪಳಗಿತ್ತು.

ಅಂದ ಹಾಗೆ, ಸೂಜಿ ಕೊಳ್ಳುವಾಗ ಒಂದು ಮಾತು. ಅಂಗಡಿಯಲ್ಲಿ "ಜೀನ್ಸ್ ಸೂಜಿ ಕೊಡಿ" ಅಂದರೆ ಡಿಪಿ ಐದು ಅನ್ನುವ ಜಾತಿಯ ಸೂಜಿ ಕೊಡುತ್ತಾರೆ. ಅದರ ಬುಡ 2 ಮಿ.ಮೀ. ದಪ್ಪ. ಶರ್ಟ್ ಮಷೀನು ಹಿಡಿಯುವುದು ಡಿಬಿ ಒಂದು, ಬುಡ 1.62 ಮಿ.ಮೀ. ಡಿಪಿ ಐದು ಅದರೊಳಗೇ ಹೋಗುವುದಿಲ್ಲ. ಡಿಬಿ ಒಂದರಲ್ಲೇ 18, 21 ನಂಬರ್ ಸಿಗುತ್ತವೆ, ಕೇಳಿ ತರಬೇಕು.

ಮೋಟರ್

ಇದು ನನ್ನ ಕಸುಬು, ಬೇಗ ಹೇಳಿ ಮುಗಿಸುತ್ತೇನೆ. ಕ್ಲಚ್ ಮೋಟರ್ ಸ್ವಿಚ್ ಹಾಕಿದ ಕೂಡಲೇ ನಿಮಿಷಕ್ಕೆ 2800ರ ಮೇಲೆ ತಿರುಗುತ್ತದೆ. ನೀವು ಹೊಲಿದರೂ ತಿರುಗುತ್ತದೆ, ಚಹಾ ಕುಡಿಯುತ್ತಾ ಕೂತರೂ ತಿರುಗುತ್ತದೆ. ಪೆಡಲ್ ಒತ್ತಿದರೆ ಕ್ಲಚ್ ಹಿಡಿದು ಆ ವೇಗವನ್ನು ಮಷೀನಿಗೆ ಕೊಡುತ್ತದೆ. ನಿಧಾನಕ್ಕೆ ಹೊಲಿಯಬೇಕೆಂದರೆ ಕ್ಲಚ್ಚನ್ನು ಅರ್ಧ ಹಿಡಿಸಬೇಕು. 12 ಪದರದ ಮೇಲೆ ಅದು ಆಗದ ಮಾತು. ಸರ್ವೋ ಮೋಟರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗಕ್ಕೆ ಮಿತಿ ಹಾಕಬಹುದು, ಕರೆಂಟೂ ಉಳಿಯುತ್ತದೆ.

ಕ್ಲಚ್ ಮೋಟರ್ ತೆಗೆದು ಸರ್ವೋ ಕೂಡಿಸಿದೆ. ಕೂಡಿಸಿದ ಮೇಲೆ ಮೊದಲ ಸಲ ಬೆಲ್ಟ್ ಹಾಕದೆ ತಿರುಗಿಸಿ. ನಮ್ಮದು ಉಲ್ಟಾ ತಿರುಗಿತು. ಕಂಟ್ರೋಲ್ ಡಬ್ಬಿಯಲ್ಲಿ ದಿಕ್ಕು ಬದಲಿಸುವ ಸೆಟ್ಟಿಂಗ್ ಇತ್ತು, ಬದಲಿಸಿದೆ. ಬೆಲ್ಟ್ ಹಾಕಿಯೇ ತಿರುಗಿಸಿದ್ದರೆ ಶಟಲ್ಲಿನೊಳಗೆ ದಾರ ಸುತ್ತಿಕೊಂಡು, ಇಷ್ಟೆಲ್ಲಾ ಕಷ್ಟಪಟ್ಟು ಕೂಡಿಸಿದ ಟೈಮಿಂಗೇ ಕದಲುವ ಅಪಾಯ ಇತ್ತು.

ನಿಧಾನ ಮಾಡಿದರೆ ಇನ್ನೊಂದು ಸಮಸ್ಯೆ. ಗುಡ್ಡದ ಬುಡಕ್ಕೆ ಬಂದು ಮೋಟರ್ ಗುಂಯ್ ಅಂತ ನಿಂತುಬಿಟ್ಟಿತು. ಬಲ ಸಾಲದು. ಮೋಟರಿನ ದೊಡ್ಡ ಪುಲ್ಲಿ ತೆಗೆದು ಚಿಕ್ಕದು ಹಾಕಿದೆ. ವೇಗ ತಗ್ಗಿ ಎಳೆಯುವ ಬಲ ಹೆಚ್ಚಿತು. ಪುಲ್ಲಿ ಚಿಕ್ಕದಾದ ಮೇಲೆ ಬೆಲ್ಟ್ ಸಡಿಲವಾಯಿತು, ಮೋಟರನ್ನು ಕೆಳಗಿಳಿಸಿ ಬಿಗಿ ಮಾಡಿದೆ.

ಗುಡ್ಡ

ಈಗ ಸೂಜಿ ಮುರಿಯುವ ರೀತಿ ಬದಲಾಯಿತು. ಪಕ್ಕದ ಗೀರು ಮಾಯವಾಗಿ, ತುದಿ ಮುಂದಕ್ಕೋ ಹಿಂದಕ್ಕೋ ಬಾಗಿ ಮುರಿಯತೊಡಗಿತು. ಎಲ್ಲವೂ ಗುಡ್ಡ ಹತ್ತುವಾಗ. ಪ್ಲೇಟಿನ ರಂಧ್ರದ ಅಂಚಿನಲ್ಲಿ ಬೆರಳಾಡಿಸಿದರೆ ಸಣ್ಣದಾಗಿ ಚುಚ್ಚುತ್ತಿತ್ತು. ಸೂಜಿ ಬಾಗಿ ಪ್ಲೇಟಿಗೆ ಬಡಿಯುತ್ತಿದೆ ಅಂತ ಗೊತ್ತಾಯಿತು. ಅಕ್ಕನಿಗೆ ಖುಷಿ. "ಬ್ಯಾರೆ ಕಡೆ ಮುರೀತು ಅಂದ್ರ ಮೊದಲಿಂದು ಸರಿ ಆತು ಅಂತ ಅರ್ಥ" ಎಂದಳು. ನನಗೆ ಆ ಹೊತ್ತಿನಲ್ಲಿ ಅಷ್ಟೇನೂ ಖುಷಿ ಅನ್ನಿಸಲಿಲ್ಲ. ಸೂಜಿಗೆ ದುಡ್ಡು ಕೊಡುತ್ತಿದ್ದವನು ನಾನು.

ಪಾದ ಗುಡ್ಡ ಹತ್ತುವಾಗ ಮೂಗು ಮೇಲೆತ್ತಿ ಓರೆಯಾಗುತ್ತದೆ. ಹಿಂದೆ ಹಿಡಿತ ಇಲ್ಲ. ಹಲ್ಲು ಎಳೆಯುತ್ತದೆ, ಬಟ್ಟೆ ಬರುವುದಿಲ್ಲ, ಅಕ್ಕ ಕೈಯಿಂದ ಎಳೆಯುತ್ತಾಳೆ, ಸೂಜಿ ಬಟ್ಟೆಯೊಳಗೆ ಇದ್ದಾಗಲೇ ಬಾಗುತ್ತದೆ.

ಮೊದಲ ಉಪಾಯ, ಹಳೆ ಪ್ಲೇಟಿನ ರಂಧ್ರವನ್ನೇ ಸಣ್ಣ ಗುಂಡು ಅರದಿಂದ ದೊಡ್ಡದು ಮಾಡುವುದು. ಪ್ಲೇಟು ಹೇಗೂ ಗೀರು ಬಿದ್ದು ಹಾಳಾಗಿತ್ತು, ಹೋದರೆ ಹೋಗಲಿ. ಮಾಡಿದೆವು. ಸೂಜಿ ಬಡಿಯುವುದು ನಿಂತಿತು. ಆದರೆ ಶುರುವಿನ 3 ಪದರದಲ್ಲಿ ಸೂಜಿಯ ಜೊತೆ ಬಟ್ಟೆಯೂ ರಂಧ್ರದೊಳಗೆ ಇಳಿದು ಮೇಲೇಳತೊಡಗಿತು. ಬಟ್ಟೆ ಕುಣಿದರೆ ಕುಣಿಕೆ ನಿಲ್ಲುವುದಿಲ್ಲ, ಹೊಲಿಗೆ ಮತ್ತೆ ತಪ್ಪಿತು. ರಂಧ್ರ ಸೂಜಿಗಿಂತ ತುಸುವೇ ದೊಡ್ಡದಿರಬೇಕು ಅನ್ನುವುದು ಆ ಹಾಳಾದ ಪ್ಲೇಟು ಕಲಿಸಿದ ಪಾಠ. ಆಮೇಲೆ ದಪ್ಪ ಬಟ್ಟೆಯ ಪ್ಲೇಟು, ದೊಡ್ಡ ಹಲ್ಲು, ಎರಡೂ ಜೋಡಿಯಾಗಿ ತಂದೆವು. ಹಲ್ಲಿನ ಎತ್ತರ ಪ್ಲೇಟಿನಿಂದ ಸುಮಾರು 1.2 ಮಿ.ಮೀ. ಮೇಲೆ ಬರುವಂತೆ ಇಟ್ಟೆ. ಶರ್ಟಿಗೆ ಇದ್ದದ್ದು 0.8ರ ಹತ್ತಿರ.

ಉಳಿದದ್ದು ಹೊಲಿಯುವವರ ಕೈಚಳಕ. ಹೊಲಿಯುವ ಮುಂಚೆ ಅಕ್ಕ ಫೆಲ್ ಸೀಮನ್ನು ಕಲ್ಲಿನ ಮೇಲೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾಳೆ. ಮರದ ಸುತ್ತಿಗೆ ಆದರೆ ಒಳ್ಳೆಯದು, ಕಬ್ಬಿಣದ್ದಾದರೆ ಮೇಲೊಂದು ಬಟ್ಟೆ ಹಾಕಬೇಕು. ನಾಲ್ಕು ಏಟಿಗೆ ಗುಡ್ಡ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಪಾದ ಗುಡ್ಡಕ್ಕೆ ಬಂದ ಕೂಡಲೇ ಸೂಜಿ ಬಟ್ಟೆಯೊಳಗೆ ಇಳಿಸಿ ನಿಲ್ಲಿಸುತ್ತಾಳೆ. ಪಾದ ಎತ್ತಿ, ಅದರ ಹಿಂಭಾಗದ ಕೆಳಗೆ ಮಡಚಿದ ಚಿಂದಿ ತುಂಡು ತುರುಕುತ್ತಾಳೆ. ಪಾದ ಮಟ್ಟವಾಗುತ್ತದೆ. ಇಳಿಯುವಾಗ ಅದೇ ತುಂಡು ಮುಂಭಾಗದ ಕೆಳಗೆ. ಗುಡ್ಡದ ಮೇಲಿನ ನಾಲ್ಕೈದು ಹೊಲಿಗೆಯನ್ನು ಪೆಡಲ್ಲಿನಿಂದ ಅಲ್ಲ, ಕೈಚಕ್ರ ತಿರುಗಿಸಿ ಹಾಕುತ್ತಾಳೆ. ಇದೆಲ್ಲ ಹೇಳಲು ಹೊತ್ತು ಹಿಡಿಯುತ್ತದೆ, ಅವಳು ಮಾಡುವಾಗ ಉಸಿರು ಬಿಟ್ಟು ಎಳೆಯುವಷ್ಟರಲ್ಲಿ ಆಗಿರುತ್ತದೆ.

ಮೂರನೇ ರೀತಿಯ ಸೂಜಿ ಬಂದದ್ದು ಬೇಸಿಗೆಯ ಮಧ್ಯಾಹ್ನ. ಮುರಿದಿರಲಿಲ್ಲ. ದಾರ ಮಾತ್ರ ಮತ್ತೆ ಮತ್ತೆ ಹರಿಯುತ್ತಿತ್ತು. ಸೂಜಿ ತೆಗೆದು ನೋಡಿದರೆ ಕಣ್ಣಿನಲ್ಲಿ ದಾರ ಕರಗಿ ಕಪ್ಪು ಗಂಟಾಗಿ ಕೂತಿತ್ತು. ದಪ್ಪ ಬಟ್ಟೆಯಲ್ಲಿ ಜೋರಾಗಿ ಓಡಿಸಿದರೆ ತಿಕ್ಕಾಟಕ್ಕೆ ಸೂಜಿ ಪಾಲಿಯೆಸ್ಟರ್ ದಾರ ಕರಗುವಷ್ಟು ಕಾಯುತ್ತದೆ. ವೇಗದ ಮಿತಿಯನ್ನು ನಿಮಿಷಕ್ಕೆ 1500 ಹೊಲಿಗೆಗೆ ಇಳಿಸಿದೆವು. ಗಂಟು ಬರುವುದು ನಿಂತಿತು. ಆಲ್ಟರೇಷನ್ ಕೆಲಸಕ್ಕೆ ಅದಕ್ಕಿಂತ ಜಾಸ್ತಿ ವೇಗ ಬೇಕಾಗಿಯೂ ಇಲ್ಲ.

ಅಂಗಡಿಯ ಪ್ಯಾಂಟು

ಚಿಂದಿ ಚೀಲ ಖಾಲಿಯಾಗುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಹೊಸ ಸೂಜಿ ಅಂಟಿಸುವ ಕೆಲಸ ಅಪರೂಪವಾಗಿತ್ತು. ಆಗ ಪರಿಚಯದ ಒಂದು ಅಂಗಡಿಗೆ ಹೋದೆವು. ಮಷೀನು ಹೊಸದಾಗಿ ಕೂಡಿಸಿದ್ದು ಅಂತ ಮುಚ್ಚಿಡಲಿಲ್ಲ. "ಮೊದಲು ಸೆಕೆಂಡ್ಸ್ ಮಾಲು ಕೊಡ್ರಿ ಅಣ್ಣ. ಪೀಸ್ ಹಾಳಾದ್ರ ಬೆಲೆ ನಮ್ಮದು" ಅಂತ ಅಕ್ಕನೇ ಮಾತಾಡಿದಳು. ಹೀಗೆ ಕೇಳುವವರು ಕಡಿಮೆ ಇರಬೇಕು, ಅಂಗಡಿಯವರು ಅರೆ ಮನಸ್ಸಿನಲ್ಲೇ ಒಂದು ಕಟ್ಟು ತೆಗೆದು ಕೊಟ್ಟರು.

ಅದರಲ್ಲಿ ಒಂದು ಪ್ಯಾಂಟಿನ ಬೆಲೆ ನಾವು ತೆತ್ತೆವು. ಹೊಲಿಗೆ ತಪ್ಪಿರಲಿಲ್ಲ, ಸೂಜಿಯೂ ಮುರಿದಿರಲಿಲ್ಲ. ಬಾಟಮ್ ಮಡಿಕೆ ತಿರುಚಿಕೊಂಡು ಹಗ್ಗದ ಹುರಿಯಂತೆ ಓರೆ ಓರೆಯಾಗಿತ್ತು. ಕೆಳಗಿನ ಪದರವನ್ನು ಹಲ್ಲು ಎಳೆಯುತ್ತದೆ, ಮೇಲಿನದನ್ನು ಪಾದ ತಡೆಯುತ್ತದೆ. ಕೊನೆಗೆ ಎರಡೂ ಸರಿಸಮ ಬರುವುದಿಲ್ಲ. ಪಾದದ ಒತ್ತಡ ತುಸು ಕಡಿಮೆ ಮಾಡಿ, ಮಡಿಕೆಗೆ ಅಲ್ಲಲ್ಲಿ ಪಿನ್ ಹಾಕಿದ ಮೇಲೆ ಸರಿಹೋಯಿತು.

ಇದರಲ್ಲಿ ತಮಾಷೆ ಒಂದಿದೆ. ಅಮೆರಿಕದ ಯೂನಿಯನ್ ಸ್ಪೆಷಲ್ ಕಂಪನಿಯ 43200ಜಿ ಅನ್ನುವ ಹಳೆ ಬಾಟಮ್ ಮಷೀನು ಹೊಲಿಯುವಾಗ ಮಡಿಕೆಯನ್ನು ಹೀಗೆಯೇ ತಿರುಚುತ್ತಿತ್ತು. ಒಗೆದು ಒಗೆದು ಆ ಜಾಗದಲ್ಲಿ ಹಗ್ಗದಂತೆ ಗೆರೆ ಮೂಡುತ್ತಿತ್ತು. ಈಗ ಜೀನ್ಸ್ ಹುಚ್ಚಿನವರು ಆ ಗೆರೆ ಬೇಕೆಂದೇ ಅಂಥ ಮಷೀನು ಹುಡುಕಿಕೊಂಡು ಹೋಗಿ ಹೊಲಿಸುತ್ತಾರೆ. ನಮ್ಮ ಅಂಗಡಿಯವರಿಗೆ ಇದನ್ನು ಹೇಳಿದೆ. "ಆ ಗಿರಾಕಿ ಬಂದಾಗ ಕಳಿಸ್ತೀನಿ, ಈಗ ರೊಕ್ಕ ಕೊಡು" ಎಂದರು.

ಈಗ ಮಷೀನು ಹೀಗಿದೆ: ಮಾಮೂಲಿ ಪ್ಯಾಂಟಿಗೆ ಡಿಬಿ ಒಂದು 18 ನಂಬರ್, ಬಹಳ ದಪ್ಪ ಇದ್ದರೆ 21. ಹೊಲಿಗೆ ಉದ್ದ 3.2 ಮಿ.ಮೀ., ಅಂದರೆ ಇಂಚಿಗೆ 8. ಸಂದನ್ನು 18ಕ್ಕೆ ಮಾಡಿದಾಗ 0.05 ಇಟ್ಟಿದ್ದೆ. 21 ಹಾಕುವ ದಿನ ಮತ್ತೆ ಶಟಲ್ಲು ಸರಿಸಬೇಕು. ಅದನ್ನು ಬಿಟ್ಟು ಬರೀ ಸೂಜಿ ಬದಲಿಸಿದರೆ ಮೊದಲಿನ ಗೀರೇ ವಾಪಸ್ ಬರುತ್ತದೆ. ದಿನಕ್ಕೊಂದು ಸಲ ಶಟಲ್ಲಿನ ಸುತ್ತ ಬ್ರಷ್ ಆಡಿಸಬೇಕು, ಜೀನ್ಸಿನ ನೀಲಿ ನೂಲು ಬೇಗ ತುಂಬಿಕೊಳ್ಳುತ್ತದೆ.

ಇನ್ನೂ ಆಗದೇ ಇರುವುದು ಚಿನ್ನದ ಬಣ್ಣದ ದಪ್ಪ ದಾರ. ಕಂಪನಿ ಹೊಲಿಗೆಯಂತೆ ಕಾಣಬೇಕೆಂದರೆ ಅದೇ ದಾರ ಬೇಕು, ಅಂಗಡಿಯವರೂ ಕೇಳುತ್ತಿದ್ದಾರೆ. ಹಾಕಿದರೆ ಹತ್ತಿಪ್ಪತ್ತು ಹೊಲಿಗೆಗೆ ಹರಿಯುತ್ತದೆ. ಹರಿದ ತುದಿಗಳನ್ನೂ ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದೇವೆ. ಯಾವುದೂ ಕತ್ತರಿಸಿದಂತಿಲ್ಲ, ಜಗ್ಗಿ ಎಳೆ ಬಿಚ್ಚಿದಂತಿವೆ. ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಶಟಲ್ಲಿನ ಒಳಗೆ ಕೆಳಗಿನ ದಾರ ಸುತ್ತಿಟ್ಟಿರುವ ಬಾಬಿನ್ ಕೇಸ್ ತಿರುಗದಂತೆ ಹಿಡಿಯುವ, ಬೆರಳು ಅನ್ನುವ ಒಂದು ಲೋಹದ ತುಂಡು ಇರುತ್ತದೆ, ದಾರ ಅದರ ಸಂದಿಯಲ್ಲಿ ದಾಟಬೇಕು. ಆ ಸಂದಿ ದಪ್ಪ ದಾರಕ್ಕೆ ಸಾಲುತ್ತಿಲ್ಲ ಅಂತ ನನ್ನ ಅನುಮಾನ, ಚಾಚಾ ಕೂಡ ಅದನ್ನೇ ಅನ್ನುತ್ತಾರೆ. ಬೆರಳನ್ನು ಮೊದಲು ಸರಿಸಿ ನೋಡುತ್ತೇನೆ. ಸಾಲದಿದ್ದರೆ ಅದರ ಮುಂಭಾಗವನ್ನು ಸ್ವಲ್ಪ ಅರೆಯಬೇಕು. ಅದು ಮತ್ತೆ ಮೂರನೇ ಗುಂಪಿನ ಕೆಲಸ. ಇನ್ನೊಂದು ಬೆರಳಿನ ಬೆಲೆ ವಿಚಾರಿಸಿ ಬರೆದಿಟ್ಟಿದ್ದೇನೆ. ಹಬ್ಬದ ಸೀಸನ್ನಿನ ಗಲಾಟೆ ಮುಗಿದ ಮೇಲೆ ಕೈ ಹಚ್ಚುವುದು.